ದೋಣಿ ಹತ್ತಿದ ಪುಳಿಯೋಗರೆ

ಐದೂವರೆಗೆ ಎದ್ದದ್ದು. ಹೆಸರುಬೇಳೆ ನೆನೆಹಾಕಿದ್ದು. ತೆಂಗಿನತುರಿಯ ಎರಡು ಪ್ಯಾಕೆಟ್ ಫ್ರೀಜರಿನಿಂದ ತೆಗೆದು ಬಿಸಿನೀರಿನಲ್ಲಿಟ್ಟದ್ದು. ಡಿಶ್‌ವಾಶರ್ ಖಾಲಿ ಮಾಡಿದ್ದು. ಹುರುಳಿಕಾಯಿಯ ನಾರು ತೆಗೆದು ಹೆಚ್ಚಿದ್ದು. ಮಜ್ಜಿಗೆಹುಳಿಗೆ ರುಬ್ಬಿದ್ದು, ಮೇಲೆ ಮಲಗಿದ್ದವರಿಗೆ ಎಚ್ಚರವಾದೀತೆಂದು ಮಿಕ್ಸಿಯನ್ನು ಗರಾಜಿಗೆ ಹೊತ್ತುಕೊಂಡು ಹೋಗಿ, ಕೋಟು ಹಾಕಿಕೊಂಡು ರುಬ್ಬಿದ್ದು. ಊಟದ ಮೇಜಿನ ನಡುವೆ ಹಲಗೆ ಸೇರಿಸಿ ಉದ್ದ ಮಾಡಿದ್ದು. ಮೇಜುಬಟ್ಟೆಗೆ ಇಸ್ತ್ರಿ. ಡ್ರೈವ್‌ವೇಗೆ ಹಿಮಕ್ಕೆ ಕಾಲು ಜಾರದಂತೆ ಉಪ್ಪು ಚೆಲ್ಲಲಿಕ್ಕೆ ನಮ್ಮವರನ್ನು ಎರಡು ಸಲ ಎಬ್ಬಿಸಿದ್ದು. ಹಿಂದಿನ ದಿನ ಕುದಿಸಿಟ್ಟಿದ್ದ ಪುಳಿಯೋಗರೆ ಗೊಜ್ಜಿಗೆ ಅನ್ನ ಆರಹಾಕಿ ಕಲಸಿದ್ದು. ಐದು ತಟ್ಟೆ ತೊಳೆದು ಒರೆಸಿ ಇಟ್ಟದ್ದು.

ಇದಿಷ್ಟೂ ಫೆಬ್ರವರಿಯ ಒಂದು ಭಾನುವಾರ ಬೆಳಿಗ್ಗೆಯದು, ನನ್ನ ಡೈರಿಯಲ್ಲಿರುವುದು. ಮಿಷಿಗನ್ನಿನ ಕ್ಯಾಂಟನ್ ಊರಿನ ಈ ಮನೆಗೆ ಬಂದಾಗಿನಿಂದ ದಿನಾ ಬರೆಯುತ್ತೇನೆ. ದೊಡ್ಡ ವಿಷಯವೇನೂ ಇರುವುದಿಲ್ಲ. ಆ ದಿನ ಏನು ಕೆಲಸ ಮಾಡಿದೆ, ಏನು ತಿಂದೆವು, ಯಾರು ಮೊದಲು ಮಲಗಿದರು, ಅಷ್ಟೆ. ಈ ಮಲಗಿದ ಲೆಕ್ಕದ ಸಾಲು ಮಗಳು ಕೈಗೂಸಾಗಿದ್ದಾಗ ಶುರುವಾದದ್ದು. ಅವಳು ಎಷ್ಟು ಹೊತ್ತಿಗೆ ಮಲಗಿದಳು ಎಂದು ಬರೆದಿಡಲು ಆಗ ಮಕ್ಕಳ ಡಾಕ್ಟರು ಹೇಳಿದ್ದರು. ಮಗಳು ಕಾಲೇಜು ಮುಗಿಸಿ ಬೇರೆ ಊರಿಗೆ ಹೋದರೂ ಆ ಸಾಲು ನಿಲ್ಲಲಿಲ್ಲ. ಈಗ ಮನೆಯಲ್ಲಿ ನಾನು, ನಮ್ಮವರು ಇಬ್ಬರೇ ಇರುವುದರಿಂದ ಉತ್ತರ ಹೆಚ್ಚುಕಮ್ಮಿ ಒಂದೇ: ಅವರು.

ಮೇಲೆ ಮಲಗಿದ್ದವರು ಪ್ಲೇನ್‌ಫೀಲ್ಡಿನ ಡಾಕ್ಟರು ಮತ್ತು ಅವರ ಹೆಂಡತಿ. ಧಾರವಾಡದ ಕಡೆಯವರು. ನಾಲ್ಕೂವರೆ ಗಂಟೆ ಡ್ರೈವ್ ಮಾಡಿಕೊಂಡು ಶನಿವಾರ ಸಂಜೆ ಬಂದಿದ್ದರು. ಆಕೆ ನನ್ನನ್ನು ವೈನಿ, ಅಂದರೆ ಅತ್ತಿಗೆ, ಅನ್ನುತ್ತಾರೆ. ಭಾನುವಾರ ಮಧ್ಯಾಹ್ನದ ಊಟಕ್ಕೆ ಇಲ್ಲೇ ಹತ್ತಿರದ ನೋವೈಯಿಂದ ಇನ್ನೊಂದು ಜೋಡಿ ಬರುವುದಿತ್ತು. ಆ ಗಂಡಸು ನಮ್ಮವರ ಜೊತೆ ಹದಿನಾರು ವರ್ಷ ಒಂದೇ ಕಾರು ಕಂಪನಿಯಲ್ಲಿ ಬ್ರೇಕಿನ ವಿಭಾಗದಲ್ಲಿದ್ದವರು. ಅವರ ಹೆಂಡತಿ ಮೈಸೂರಿನವಳು, ನನ್ನ ಗೆಳತಿ. ಗೆಳತಿ ಎಂದೇ ಬರೆಯುತ್ತೇನೆ, ಬೇರೆ ಪದ ಸಿಕ್ಕಿಲ್ಲ. ಮೂರೂ ಜೋಡಿ ಸೆಪ್ಟೆಂಬರಿನಲ್ಲಿ ಗ್ರೀಸಿಗೆ ಹೋಗಿಬಂದಿದ್ದೆವು. ಆಮೇಲೆ ಎಲ್ಲರೂ ಒಟ್ಟಿಗೆ ಸೇರುತ್ತಿದ್ದದ್ದು ಇದೇ ಮೊದಲು. ನೋವೈ ಗೆಳತಿ ಆ ಪ್ರವಾಸದ ಫೋಟೋಗಳನ್ನು ಪುಸ್ತಕ ಮಾಡಿಸಿದ್ದೇನೆಂದೂ, ಊಟಕ್ಕೆ ಪುಳಿಯೋಗರೆಯೇ ಆಗಬೇಕೆಂದೂ ಮೊದಲೇ ಹೇಳಿದ್ದಳು.

"ಆ ಬೋಟಲ್ಲಿ ತಿಂದಿದ್ವಲ್ಲ, ಅದೇ ಬೇಕು ಕಣೇ. ನಾಲಿಗೇಲಿ ಹಾಗೇ ಇದೆ."

ಅವಳ ನಾಲಿಗೆಯಲ್ಲಿ ಇದ್ದೀತು. ಬೋಟಿನ ಪುಳಿಯೋಗರೆ ನಾನು ತಿಂದಿಲ್ಲ.

ಅದನ್ನು ಹೇಳುವ ಮೊದಲು ನನ್ನ ತಪ್ಪನ್ನು ಹೇಳಿಬಿಡಬೇಕು, ಏಕೆಂದರೆ ತಪ್ಪು ನನ್ನದೇ. ಇಂಥ ಪ್ರವಾಸಗಳ ಬುಕಿಂಗ್ ಎಲ್ಲ ನನ್ನ ಕೆಲಸ. ವಿಮಾನ, ಹೋಟೆಲು, ದ್ವೀಪದಿಂದ ದ್ವೀಪಕ್ಕೆ ಹೋಗುವ ದೊಡ್ಡ ಫೆರಿ, ಎಲ್ಲವನ್ನೂ ಜೂನ್ ತಿಂಗಳಲ್ಲಿ ಇದೇ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಮಾಡಿದೆ. ಅವುಗಳಿಗೆಲ್ಲ ಪಾಸ್‌ಪೋರ್ಟಿನಲ್ಲಿರುವ ಹೆಸರು ಬೇಕು. ಒಬ್ಬೊಬ್ಬರದಾಗಿ ತುಂಬಿದ್ದರಿಂದ ತಪ್ಪಾಗಲಿಲ್ಲ. ಕೊನೆಗೆ ಉಳಿದದ್ದು ಒಂದು ದಿನದ ಹಾಯಿದೋಣಿ. ಪಾರೋಸ್ ದ್ವೀಪದಿಂದ ಬೆಳಿಗ್ಗೆ ಹೊರಟು, ಪಕ್ಕದ ಆಂಟಿಪಾರೋಸ್, ಅದರಾಚೆಗೆ ಜನವಸತಿಯಿಲ್ಲದ ಇನ್ನೊಂದು ಪುಟ್ಟ ದ್ವೀಪ, ನಡುವೆ ಎರಡು ಕಡೆ ಲಂಗರು ಹಾಕಿ ಈಜು, ಸಂಜೆ ಆರಕ್ಕೆ ವಾಪಸ್ಸು. ನನಗೆ ಇಡೀ ಪ್ರವಾಸದಲ್ಲಿ ಬೇಕಾಗಿದ್ದದ್ದು ಅದೊಂದೇ. ಮ್ಯೂಸಿಯಂ, ಕಂಬ, ಕಲ್ಲು ಎಲ್ಲ ಉಳಿದವರಿಗಾಗಿ ಸೇರಿಸಿದ್ದು. ಎಂಜಿನ್ ಆಫ್ ಮಾಡಿ ಬರೀ ಗಾಳಿಯಲ್ಲಿ ಹೋಗುವಾಗ ನೀರು ದೋಣಿಗೆ ತಾಗುವ ಸದ್ದು ಕೇಳುತ್ತದೆಂದು ಅವರ ವೆಬ್‌ಸೈಟಿನಲ್ಲಿ ಬರೆದಿತ್ತು. ಆ ಸಾಲನ್ನು ಎಷ್ಟು ಸಲ ಓದಿದೆನೋ.

ಆ ದೋಣಿಯವರು ಹೆಸರು ಕೇಳಲಿಲ್ಲ, ಎಷ್ಟು ಜನ ಎಂದು ಮಾತ್ರ ಕೇಳಿದರು. ನಾನು ಬೆರಳು ಮಡಚಿ ಎಣಿಸಿದೆ. ಡಾಕ್ಟರು, ಡಾಕ್ಟರ ಹೆಂಡತಿ, ನೋವೈಯವರು ಇಬ್ಬರು, ನಮ್ಮವರು. ಐದು. ಅಕ್ಕಿ ಅಳೆಯುವಾಗ ಹಾಗೆಯೇ ಎಣಿಸುವುದು. ತಟ್ಟೆ ಇಡುವಾಗ ಹಾಗೆಯೇ. ಬಡಿಸುವವಳ ತಟ್ಟೆ ಆಮೇಲೆ ಬರುತ್ತದೆ, ಕಪಾಟಿನಿಂದ ಯಾವಾಗಲೋ ತೆಗೆದುಕೊಂಡರಾಯಿತು; ಅವಳ ಅನ್ನ ಪಾತ್ರೆಯಲ್ಲಿ ಉಳಿದೇ ಉಳಿಯುತ್ತದೆ. ಈ ಊರಿನಲ್ಲಿ ಅದೆಷ್ಟು ಊಟಕ್ಕೆ ಹೀಗೆ ಎಣಿಸಿದ್ದೇನೆ, ಒಮ್ಮೆಯೂ ಅನ್ನ ಕಡಿಮೆ ಬಿದ್ದಿಲ್ಲ. ಐದು ಎಂದು ಒತ್ತಿದೆ. ಕನ್‌ಫರ್ಮ್ ಆಯಿತು. ಪ್ರಿಂಟ್ ತೆಗೆದು ಫೈಲಿನಲ್ಲಿಟ್ಟೆ. ಆ ಪ್ರಿಂಟನ್ನು ಆಮೇಲೆ ಎಲ್ಲರಿಗೂ ವಾಟ್ಸ್‌ಆ್ಯಪಿನಲ್ಲಿ ಕಳಿಸಿದೆ. ಐದು ಜನ ನೋಡಿದರು, ಐದು ಹೆಬ್ಬೆರಳು ಬಂದವು.

ಪಾರೋಸಿನಲ್ಲಿ ಆ ಬೆಳಿಗ್ಗೆ ನಾಲ್ಕೂವರೆಗೆ ಎದ್ದಿದ್ದೆ. ನಮ್ಮ ಕೋಣೆಗೆ ಒಂದು ಸಣ್ಣ ಒಲೆ ಇತ್ತು. ಗೊಜ್ಜನ್ನು ಮಿಷಿಗನ್ನಿನಿಂದ ಡಬ್ಬದಲ್ಲಿ ತಂದಿದ್ದೆ. ಅನ್ನ ಮಾಡಿ, ಬೆಡ್‌ಶೀಟಿನ ಮೇಲೆ ಪ್ಲಾಸ್ಟಿಕ್ ಹಾಸಿ ಆರಿಸಿ, ಕಲಸಿ, ಕಡಲೆಬೀಜ ಹುರಿದು ಮೇಲೆ ಹಾಕಿ, ಆರು ಡಬ್ಬಗಳಿಗೆ ತುಂಬಿದೆ. ಆರು. ಇದನ್ನು ಆಮೇಲೆ ಬಹಳ ಸಲ ಯೋಚಿಸಿದ್ದೇನೆ. ದೋಣಿಯಲ್ಲಿ ಬಡಿಸುವುದಕ್ಕೆ ಆಗುವುದಿಲ್ಲ, ಒಬ್ಬೊಬ್ಬರ ಕೈಗೆ ಒಂದೊಂದು ಡಬ್ಬ ಎಂದು ಯೋಚಿಸಿದ್ದರಿಂದ ಆ ಸಲ ನನ್ನದನ್ನೂ ತುಂಬಿದ್ದೆ. ನೀಲಿ ಕೂಲರ್ ಬ್ಯಾಗಿನಲ್ಲಿ ಡಬ್ಬಗಳು, ನನ್ನ ಟೋಪಿ, ಸನ್‌ಸ್ಕ್ರೀನು, ನೀರಿನ ಬಾಟಲಿ. ಸಮುದ್ರದಲ್ಲಿ ತಲೆಸುತ್ತದಿರಲೆಂದು ಎಲ್ಲರಿಗೂ ಒಂದೊಂದು ಮಾತ್ರೆ ಕೊಟ್ಟು, ಏಳು ಗಂಟೆಗೆ ನಾನೂ ಒಂದು ನುಂಗಿದೆ.

ದೋಣಿ ಕಟ್ಟಿದ್ದ ಕಡೆ ಒಂದು ಬೆತ್ತದ ಬುಟ್ಟಿ ಇಟ್ಟಿದ್ದರು. ಚಪ್ಪಲಿ ಬಿಚ್ಚಿ ಅದರಲ್ಲಿ ಹಾಕಿ ಬರಿಗಾಲಲ್ಲಿ ಹತ್ತಬೇಕು. ಬೇರೆ ಐದು ಜನ, ಜರ್ಮನ್ ಮಾತಾಡುತ್ತಿದ್ದ ಒಂದು ಕುಟುಂಬ, ಆಗಲೇ ಹತ್ತಿ ಕೂತಿತ್ತು. ಚಪ್ಪಲಿ ಬಿಡುವ ಅಭ್ಯಾಸ ನಮಗೆ ಹೇಳಿಕೊಡಬೇಕೆ? ಎಲ್ಲರಿಗಿಂತ ಮೊದಲು ನಾನೇ ಬಿಚ್ಚಿ ಬುಟ್ಟಿಗೆ ಹಾಕಿದೆ.

ದೋಣಿಯ ಯಜಮಾನಿ ಬಿಸಿಲಿಗೆ ಕಂದಿದ ತೋಳಿನ ಒಬ್ಬ ಹೆಂಗಸು. ಕೈಯಲ್ಲಿ ಒಂದು ಹಾಳೆ. ನಮ್ಮನ್ನು ಪೆನ್ನಿನಿಂದ ಎಣಿಸಿದಳು. ಮತ್ತೊಮ್ಮೆ ಎಣಿಸಿದಳು. ನಿಮ್ಮದು ಐದು, ಇಲ್ಲಿ ಆರು ಜನ ಇದ್ದೀರಿ ಎಂದಳು. ಹತ್ತಕ್ಕಿಂತ ಹೆಚ್ಚು ಜನರನ್ನು ಹತ್ತಿಸಿದರೆ ಕೋಸ್ಟ್‌ಗಾರ್ಡಿನವರು ತನ್ನ ಲೈಸೆನ್ಸನ್ನೇ ಕಿತ್ತುಕೊಳ್ಳುತ್ತಾರೆ ಎಂದಳು. ಅವಳ ಮಾತಿನಲ್ಲಿ ಒರಟುತನ ಏನೂ ಇರಲಿಲ್ಲ.

"ಒಂದ್ ಸೀಟು ಕಣ್ರೀ, ಅಡ್ಜಸ್ಟ್ ಮಾಡೋಕಾಗಲ್ವಂತಾ?" ನೋವೈ ಗೆಳತಿ ಅಂದಳು, ಕನ್ನಡದಲ್ಲೇ.

"ಇದೇನ್ ಹುಬ್ಬಳ್ಳಿ ಬಸ್ಸಾ, ಬಾನೆಟ್ ಮ್ಯಾಲೆ ಕೂಡಲಿಕ್ಕೆ?" ಡಾಕ್ಟರು ನಕ್ಕರು.

ನಮ್ಮವರು ನನ್ನ ಕಡೆ ತಿರುಗಿದರು. "ನೀನೇ ತಾನೆ ಬುಕ್ ಮಾಡಿದ್ದು? ನೋಡ್ಕೊಂಡ್ ಮಾಡ್ಬಾರ್ದಾ?"

ಹೌದು, ನಾನೇ. ಮುಖ ಬಿಸಿಯಾಯಿತು. "ಪರವಾಗಿಲ್ಲ, ನೀವೆಲ್ಲ ಹೋಗಿ ಬನ್ನಿ, ನಾನಿಲ್ಲೇ ಇರ್ತೀನಿ" ಅಂದುಬಿಟ್ಟೆ.

ಈ ಮಾತು ಎಂಥದ್ದೆಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಪಂಕ್ತಿಯಲ್ಲಿ ಕೂತವರು ಎಲೆಯ ಮೇಲೆ ಕೈ ಅಡ್ಡ ಹಿಡಿದು 'ಸಾಕು, ಸಾಕು' ಅನ್ನುತ್ತಾರೆ. ಬಡಿಸುವವರು ಆ ಕೈಯನ್ನು ನಂಬುವುದಿಲ್ಲ. 'ಏನ್ ತಿಂದ್ರಿ ನೀವು, ಒಂದ್ ಸೌಟು' ಅನ್ನುತ್ತಾರೆ, ಮೂರನೆಯ ಸಲಕ್ಕೆ ಕೈ ಸರಿಯುತ್ತದೆ. ನಾನು ಕೈ ಅಡ್ಡ ಹಿಡಿದಿದ್ದೆ, ಅಷ್ಟೆ. ಆ ಐವರಲ್ಲಿ ಯಾರಾದರೊಬ್ಬರು, ನೀನಿಲ್ಲದೆ ಹೇಗೆ, ನಾನಿರ್ತೀನಿ ನೀನು ಹೋಗು, ಅಥವಾ ಅದೂ ಬೇಡ, ನಾನೂ ನಿನ್ನ ಜೊತೆ ದಡದಲ್ಲೇ ಇರ್ತೀನಿ ಅನ್ನಲಿ ಎಂದು ಕಾದೆ.

ಪ್ಲೇನ್‌ಫೀಲ್ಡಿನಾಕೆ ಒಂದು ಸಲ ಅಂದರು. "ಛೇ, ನಿಮ್ಮನ್ನ ಬಿಟ್ಟು ಹ್ಯಾಂಗ್ ಹೋಗೋದು ವೈನಿ."

"ಹೋಗಿ, ಹೋಗಿ" ಅಂದೆ. ಅದು ಎರಡನೆಯ ಸಲ. ಮೂರನೆಯದು ಬರಲಿಲ್ಲ. ಯಜಮಾನಿ ಲೈಫ್‌ಜಾಕೆಟ್ ಹಂಚಲು ಶುರು ಮಾಡಿದ್ದಳು. ನಮ್ಮವರು ಚಪ್ಪಲಿ ಬಿಚ್ಚುತ್ತಿದ್ದರು.

"ಬೇಜಾರಿಲ್ಲ ತಾನೆ?" ಅಂದರು, ಬಗ್ಗಿಕೊಂಡೇ.

ನಾನು ಬುಟ್ಟಿಯೊಳಗಿಂದ ನನ್ನ ಚಪ್ಪಲಿ ಹುಡುಕಿ ತೆಗೆದೆ. ಅವು ಎಲ್ಲರದ್ದಕ್ಕಿಂತ ಕೆಳಗಿದ್ದವು. ದಡಕ್ಕೂ ದೋಣಿಗೂ ನಡುವೆ ಎರಡಡಿ ನೀರು. ಆ ಕಡೆಯಿಂದ ಯಜಮಾನಿ ಕೈ ಚಾಚಿದಳು. ಒಂದು ಕ್ಷಣ ನನಗಾಗಿ ಚಾಚಿದಳೇನೋ ಅನ್ನಿಸಿತು. ನೋವೈ ಗೆಳತಿ "ಬ್ಯಾಗ್, ಬ್ಯಾಗ್ ಕೊಡೇ, ಊಟ!" ಎಂದಳು. ಕೊಟ್ಟೆ. ನೀಲಿ ಬ್ಯಾಗು ಆ ಎರಡಡಿ ನೀರನ್ನು ದಾಟಿ ದೋಣಿ ಹತ್ತಿತು. ನನ್ನ ಡಬ್ಬ, ನನ್ನ ಟೋಪಿ, ನನ್ನ ನೀರು ಎಲ್ಲ ಅದರೊಳಗೆ. ದೋಣಿ ಬಂದರಿನ ಬಾಯಿಯವರೆಗೆ ಎಂಜಿನ್ನಿನಲ್ಲಿ ಹೋಯಿತು. ಅಲ್ಲಿ ಹಾಯಿ ಬಿಚ್ಚಿದರು. ಒಂದು ದೊಡ್ಡ ಬಿಳಿ ಪಂಚೆಯನ್ನು ಕೊಡವಿ ಒಣಹಾಕಿದ ಹಾಗೆ. ಹತ್ತು ನಿಮಿಷದಲ್ಲಿ ಗುಡ್ಡದ ಮರೆಗೆ ಹೋಯಿತು. ಎಂಜಿನ್ ನಿಲ್ಲಿಸಿದರೋ ಇಲ್ಲವೋ ಅಷ್ಟು ದೂರದಿಂದ ಗೊತ್ತಾಗಲಿಲ್ಲ.

ಆ ದಿನದ ಉಳಿದದ್ದು ಡೈರಿಯಲ್ಲಿ ನಾಲ್ಕೇ ಸಾಲು. ನುಂಗಿದ್ದ ಮಾತ್ರೆ ಒಂಬತ್ತು ಗಂಟೆಯ ಹೊತ್ತಿಗೆ ಕೆಲಸ ಶುರು ಮಾಡಿತು. ಸಮುದ್ರಕ್ಕೆಂದು ನುಂಗಿದ ಮಾತ್ರೆ, ನೆಲದ ಮೇಲೆ. ಬಂದರಿನ ಪಕ್ಕದ ಬಿಳಿ ಗಾಳಿಯಂತ್ರದ ನೆರಳಿನಲ್ಲಿ ಒಂದು ಬೆಂಚಿನ ಮೇಲೆ ಕೂತಲ್ಲೇ ತೂಕಡಿಸಿದೆ. ನೆರಳು ಸರಿದಾಗ ಎಚ್ಚರ, ಇನ್ನೊಂದು ಬೆಂಚು, ಮತ್ತೆ ತೂಕಡಿಕೆ. ಎರಡು ಗಂಟೆಗೆ ಹಸಿವು. ಬೇಕರಿಯೊಂದರಲ್ಲಿ ಪಾಲಕ್ ತುಂಬಿದ ಪಫ್ಸಿನಂಥದ್ದು ಕಂಡಿತು. ಬೇಕರಿಯ ಮುದುಕಿ ಇಂಗ್ಲಿಷ್ ಬಾರದೆ ಒಂದು ಬೆರಳೆತ್ತಿ ಕೇಳಿದಳು, ಒಂದೇ? ನಾನೂ ಒಂದು ಬೆರಳೆತ್ತಿದೆ. ಬೆನ್ನಿನ ಮೇಲೆ, ಕುತ್ತಿಗೆಯ ಮೇಲೆ ಬಿಸಿಲು. ಟೋಪಿ ಎಲ್ಲೋ ಎರಡನೆಯ ದ್ವೀಪದ ಹತ್ತಿರವಿತ್ತು.

ಆರೂ ಕಾಲಿಗೆ ಬಂದರು. ಎಲ್ಲರ ಮೂಗು ಕೆಂಪು, ಎಲ್ಲರ ಬಾಯಲ್ಲೂ ಮಾತು. ಡಾಕ್ಟರಿಗೆ ಯಜಮಾನಿ ಅರ್ಧ ಗಂಟೆ ದೋಣಿ ತಿರುಗಿಸುವ ಚಕ್ರ ಹಿಡಿಯಲು ಕೊಟ್ಟಳಂತೆ. ಗುಹೆಯೊಳಗೆ ನೀರು ಬೆಳಕು ಹಾಕಿದ ಹಾಗೆ ನೀಲಿಯಾಗಿತ್ತಂತೆ. ನೋವೈ ಗೆಳತಿಯ ಟೋಪಿ ಗಾಳಿಗೆ ಹಾರಿ ಹೋಯಿತಂತೆ, ಆದರೆ ಅಡ್ಡಿಯಿಲ್ಲ, ನನ್ನದಿತ್ತಲ್ಲ. ಡಬ್ಬಗಳು ಖಾಲಿಯಾಗಿ ಬಂದವು. ಆರೂ. ಆರನೆಯದು ಯಾರು ತಿಂದರೆಂದು ಕೇಳಿದೆ.

"ಕ್ಯಾಪ್ಟನ್‌ಗೆ ಕೊಟ್ವಿ. ಎಷ್ಟ್ ಇಷ್ಟಪಟ್ಳು ಗೊತ್ತಾ!" ನಮ್ಮವರು ಹೇಳಿದರು. ಅವರಿಗೆ ಹೆಮ್ಮೆಯಾಗಿತ್ತು, ನಿಜವಾಗಿಯೂ.

ನೀನೇನು ತಿಂದೆ ಎಂದು ಕೇಳಲಿಲ್ಲ. ಹುಳಿ ಅಂಟಿ ಒಣಗಿದ್ದ ಡಬ್ಬಗಳನ್ನು ಬಾತ್‌ರೂಮಿನ ಬೇಸಿನ್ನಿನಲ್ಲಿ ಕೈಸೋಪು ಹಾಕಿ ತೊಳೆದೆ. ಡೈರಿಯಲ್ಲಿ ಕೊನೆಯ ಸಾಲು: ಅವರು ಎಂಟೂಕಾಲಿಗೆ ಮಲಗಿದರು.

ಅಷ್ಟೇ ಆಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಒಂದು ದೋಣಿ ತಪ್ಪಿತು, ತಪ್ಪು ನನ್ನದು, ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಈ ಫೆಬ್ರವರಿಯ ಭಾನುವಾರ ನೋವೈಯವರು ಹನ್ನೆರಡೂವರೆಗೆ ಬಂದು, ಬೂಟು ಕೊಡವಿ, ಎಲ್ಲರೂ ಮೇಜಿಗೆ ಕೂತರು. ಐದು ತಟ್ಟೆ. ಕೋಸಂಬರಿ ಬಡಿಸಿದೆ, ಹುರುಳಿಕಾಯಿ ಪಲ್ಯ ಬಡಿಸಿದೆ. ಪುಳಿಯೋಗರೆ ಬಂದಾಗ ಗೆಳತಿ "ಒಂದ್ನಿಮಿಷ, ಒಂದ್ನಿಮಿಷ" ಎಂದು ಚೀಲದಿಂದ ಮೂರು ಪುಸ್ತಕ ತೆಗೆದಳು. ಗಟ್ಟಿ ರಟ್ಟು, ನುಣುಪು ಕಾಗದ. ಒಂದು ನಮಗೆ, ಒಂದು ಪ್ಲೇನ್‌ಫೀಲ್ಡಿಗೆ, ಒಂದು ಅವಳಿಗೆ. ಮುಖಪುಟದಲ್ಲಿ ಹಾಯಿ, ಅದರ ಕೆಳಗೆ ಅವರೈದು ಜನ ಸಾಲಾಗಿ, ಕೂದಲೆಲ್ಲ ಒಂದೇ ಕಡೆಗೆ ಹಾರುತ್ತಾ. ನನ್ನ ಟೋಪಿ ಅವಳ ತಲೆಯ ಮೇಲೆ. ಮೇಲೆ ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿದ್ದಳು: ಆರು ಗೆಳೆಯರು, ಒಂದು ದೋಣಿ.

ಸೌಟು ಹಿಡಿದುಕೊಂಡೇ ಓದಿದೆ. "ಇದರಲ್ಲಿ ಐದೇ ಜನ ಇದಾರಲ್ಲ" ಅಂದೆ.

"ಫೋಟೋ ತೆಗೆದಿದ್ದು ನೀನೇ ಅಲ್ವೇನೇ? ಅದಕ್ಕೇ ನೀನಿಲ್ಲ" ಗೆಳತಿ ನಕ್ಕಳು. "ಯಾವಾಗ್ಲೂ ಹಿಂಗೇ ಇವಳು. ಬರೀ ನಮ್ಮದೇ ತೆಗೆಯೋದು, ತಾನು ಬರಲ್ಲ."

"ಖರೇ ಹೇಳಬೇಕಂದ್ರ ನನಗ ಆ ದಿನ ನೆನಪಿರೋದು ವೈನಿನೇ" ಎಂದರು ಪ್ಲೇನ್‌ಫೀಲ್ಡಿನಾಕೆ. "ದೋಣಿ ಹಂಗ ಅಲಗಾಡ್ತಿತ್ತು, ನಾವೆಲ್ಲಾ ಕಂಬ ಹಿಡಕೊಂಡು ಕೂತಿದ್ವಿ. ವೈನಿ ನಿಂತು ಎಲ್ಲಾರಿಗೂ ಕೊಟ್ರು. ಒಂದ್ ಅಗಳು ಚೆಲ್ಲಲಿಲ್ಲ ನೋಡ್ರಿ."

ಆಕೆ ಸುಳ್ಳು ಹೇಳುವವರಲ್ಲ. ಪ್ರೀತಿಯಿಂದಲೇ ಹೇಳುತ್ತಿದ್ದರು. ಆಕೆಯ ಕಣ್ಣಿಗೆ ನಾನು ಆ ದೋಣಿಯಲ್ಲಿ ನಿಂತು ಬಡಿಸುತ್ತಿರುವುದು ಕಾಣುತ್ತಿತ್ತು. ಪುಳಿಯೋಗರೆ ಇದ್ದ ಮೇಲೆ ನಾನು ಇರಲೇಬೇಕಲ್ಲ.

"ನಾನು ಬೋಟ್ ಹತ್ತಲೇ ಇಲ್ಲ" ಅಂದೆ. "ನಾನು ದಡದಲ್ಲಿದ್ದೆ."

ಡಾಕ್ಟರು ಬೆರಳು ನೆಕ್ಕಿಕೊಂಡು, "ಹೌದೇನು? ಅದು ಫೆರಿ ದಿನ ಇರಬೇಕಲ್ಲ?" ಅಂದರು.

"ಫೆರಿಗೆ ದಡದಲ್ಲಿ ಬಿಟ್ಟಿದ್ರೆ ಇವತ್ತಿಗೂ ಅಲ್ಲೇ ಇರ್ತಿದ್ಲಲ್ಲ ಸಾರ್!" ನೋವೈಯ ಗಂಡಸು ಅಂದರು. ಎಲ್ಲರೂ ನಕ್ಕರು.

"ಹಾಯಿದೋಣಿ ದಿನ" ಅಂದೆ. "ನಾನು ಐದೇ ಸೀಟು ಬುಕ್ ಮಾಡಿದ್ದೆ. ಬೋಟಿನವಳು ಹತ್ತಿಸ್ಕೊಳ್ಳಲಿಲ್ಲ."

ಆಗ ಗೆಳತಿಗೆ ನೆನಪಾಯಿತು. ಅವಳ ಮುಖ ನೋಡಿದರೆ ಗೊತ್ತಾಗುತ್ತಿತ್ತು. ನೆನಪಾದದ್ದು ಮೊದಲು ಕಣ್ಣಿಗೆ ಬಂತು, ಆಮೇಲೆ ಅವಳು ಅದನ್ನು ಬೇರೆ ಮಾಡಿಕೊಂಡು ಬಾಯಿಗೆ ತಂದಳು.

"ಓ ಹೌದು ಹೌದು! ನಿನಗೆ ತಲೆ ಸುತ್ತುತ್ತೆ ಅಂತ ನೀನೇ ಬೇಡ ಅಂದ್ಯಲ್ಲ. ಮಾತ್ರೆ ಬೇರೆ ತಗೊಂಡಿದ್ದೆ ಪಾಪ. ನಾವು ಎಷ್ಟ್ ಕರೆದ್ವಿ! ನೀನೇ ಹೋಗಿ ಹೋಗಿ ಅಂದೆ."

ಎಷ್ಟು ಕರೆದರು. ಒಂದು ಸಲ. ನನ್ನ ಡೈರಿ ಅಡುಗೆಮನೆಯ ಮೂರನೆಯ ಡ್ರಾಯರಿನಲ್ಲಿತ್ತು, ಅಲ್ಯೂಮಿನಿಯಂ ಫಾಯಿಲ್ ಸುರುಳಿಯ ಪಕ್ಕ. ತಂದು ಓದಿದ್ದರೆ ಆಗುತ್ತಿತ್ತು. ಆದರೆ ಊಟದ ನಡುವೆ ಡೈರಿ ತೆಗೆದು ಓದುವ ಹೆಂಗಸನ್ನು ಜನ ಹೇಗೆ ನೋಡುತ್ತಾರೆಂದು ನನಗೆ ಗೊತ್ತು. ಸಾಕ್ಷಿಗೆ ಅಲ್ಲೇ ಒಬ್ಬರು ಕೂತಿದ್ದರಲ್ಲ. ನನ್ನ ಮುಂದೆಯೇ ಚಪ್ಪಲಿ ಬಿಚ್ಚಿದ್ದವರು.

"ನೀವು ಹೇಳಿ" ಅಂದೆ ನಮ್ಮವರಿಗೆ. "ಏನಾಯ್ತು ಅವತ್ತು?"

ನನಗೆ ಬೇಕಾಗಿದ್ದದ್ದು ದೊಡ್ಡದೇನಲ್ಲ. ತಪ್ಪಾಯ್ತು ಅನ್ನುವುದು ಬೇಡ. 'ಇಲ್ಲ, ಇವಳು ಬರಲಿಲ್ಲ, ಇವಳಿಗೆ ಬರಬೇಕಂತಿತ್ತು, ನಾವು ಬಿಟ್ಟು ಹೋದ್ವಿ' ಅಷ್ಟು. ಅದೂ ದೊಡ್ಡ ದನಿಯಲ್ಲಿ ಬೇಡ. ಇಪ್ಪತ್ತಾರು ವರ್ಷದಲ್ಲಿ ಅವರ ಹತ್ತಿರ ಇಂಥದ್ದೊಂದು ವಾಕ್ಯ ನಾನು ಕೇಳಿದ್ದು ನೆನಪಿಲ್ಲ.

ಅವರು ತಟ್ಟೆ ನೋಡಿದರು. ಪಲ್ಯದಲ್ಲಿದ್ದ ಒಣಮೆಣಸಿನಕಾಯಿಯನ್ನು ಪಕ್ಕಕ್ಕೆ ಸರಿಸಿದರು. "ಏನೋ ಒಂದು, ಬಿಡೇ ಈಗ್ಯಾಕೆ" ಅಂದರು. "ಟ್ರಿಪ್ ಚೆನ್ನಾಗಿತ್ತಲ್ಲ. ಹುಳಿ ತಗೊಂಬಾ, ಡಾಕ್ಟ್ರಿಗೆ ಅನ್ನ ಹಾಗೇ ಇದೆ."

ಹುಳಿ ತಂದೆ. ಬಡಿಸಿದೆ. ಒಂದು ಹನಿ ಚೆಲ್ಲಲಿಲ್ಲ. ಪ್ಲೇನ್‌ಫೀಲ್ಡಿನಾಕೆ ಮಾತ್ರ ನನ್ನ ಮಣಿಕಟ್ಟು ಹಿಡಿದು "ವೈನಿ, ನಿಮ್ಮ ತಾಟ ಎಲ್ಲೆದ? ಕೂಡ್ರಿ ನೀವೂ" ಅಂದರು. "ಆಮೇಲೆ" ಅಂದೆ. ಆಕೆ ಕೈ ಬಿಟ್ಟರು.

ಶ್ಯಾವಿಗೆ ಪಾಯಸದ ಹೊತ್ತಿಗೆ ಗೆಳತಿ ಮುಂದಿನ ಬೇಸಿಗೆಯ ಮಾತು ತೆಗೆದಳು. ಈ ಸಲ ಕ್ರೊಯೇಷಿಯಾ. ದ್ವೀಪದಿಂದ ದ್ವೀಪಕ್ಕೆ ಬೆಳಿಗ್ಗೆಯಿಂದ ಸಂಜೆವರೆಗೆ ಹಾಯಿದೋಣಿ, ಒಂದಲ್ಲ, ಎರಡು ದಿನ. "ಈ ಸಲ ಡಾಕ್ಟ್ರು ಚಕ್ರ ಬಿಡಲ್ವಂತೆ" ಎಂದು ಅವಳ ಗಂಡ ಛೇಡಿಸಿದರು. "ನಾ ಹಿಡದಾಗ ಒಮ್ಮೆರೆ ವಾಲ್ತೇನು? ನೀವು ಬ್ರೇಕ್ ಮಾಡೋರು, ನಿಮಗೇನ್ ಗೊತ್ತು ಚಕ್ರದ್ದು" ಡಾಕ್ಟರು ತಿರುಗಿ ಕೊಟ್ಟರು.

"ಬುಕಿಂಗ್ ಎಲ್ಲಾ ನಿಂದೇ ಕಣೇ. ನಿನ್ನಷ್ಟ್ ನೀಟಾಗಿ ಯಾರಿಗೂ ಬರಲ್ಲ" ಗೆಳತಿ ನನ್ನ ಕಡೆ ತಿರುಗಿದಳು.

"ಆಗಲಿ" ಅಂದೆ. "ಮಾಡ್ತೀನಿ. ಐದು ಸೀಟು."

ಎಲ್ಲರೂ ಜೋರಾಗಿ ನಕ್ಕರು. ಒಳ್ಳೆಯ ಜೋಕು ಅನ್ನಿಸಿರಬೇಕು. "ಆರು ಕಣೇ, ಆರು! ಮತ್ತೆ ಮರೀಬೇಡ!"

"ಮರೆತಿಲ್ಲ. ಐದೇ. ಡಾಕ್ಟ್ರು, ಇವರು, ನೀವಿಬ್ರು, ನಮ್ಮನೆಯವರು." ಬೆರಳು ಮಡಚಿ ತೋರಿಸಿದೆ. "ವಿಮಾನ, ಹೋಟೆಲು, ದೋಣಿ, ಎಲ್ಲದಕ್ಕೂ ಐದು. ಪುಳಿಯೋಗರೆ ಗೊಜ್ಜು ಮಾಡಿ ಕಳಿಸ್ತೀನಿ. ಕಲಸ್ಕೊಳ್ಳೋದೇನೂ ಕಷ್ಟ ಇಲ್ಲ."

ನಗು ಒಬ್ಬೊಬ್ಬರಲ್ಲಿ ಒಂದೊಂದು ಹೊತ್ತಿಗೆ ನಿಂತಿತು. ಕೊನೆಗೆ ನಿಂತದ್ದು ನೋವೈಯ ಗಂಡಸಿನದು. ಡಾಕ್ಟರು ಬಟ್ಟಲಿನ ತಳದ ಗೋಡಂಬಿ ಹುಡುಕತೊಡಗಿದರು. ಗೆಳತಿ "ಇವಳೊಬ್ಬಳು!" ಎಂದು ಪುಸ್ತಕವನ್ನು ಎತ್ತಿ, ಪಾಯಸ ಬಿದ್ದೀತೆಂದು ದೂರ ಇಟ್ಟಳು.

ಮೂರು ಗಂಟೆಗೆ ಎಲ್ಲರೂ ಹೊರಟರು. ಸಂಜೆ ಮೇಲೆ ಹಿಮ ಬೀಳುತ್ತದೆಂದು ಫೋನಿನಲ್ಲಿ ಬಂದಿತ್ತು, ಪ್ಲೇನ್‌ಫೀಲ್ಡಿನವರು ಅಷ್ಟರೊಳಗೆ ಇಂಡಿಯಾನಾ ದಾಟಬೇಕಿತ್ತು. ಬಾಗಿಲಲ್ಲಿ ಆಕೆ ನನ್ನನ್ನು ತಬ್ಬಿಕೊಂಡು ಕಿವಿಯ ಹತ್ತಿರ "ಅವತ್ತು ನಾ ಇರಬೇಕಾಗಿತ್ತು ವೈನಿ ನಿಮ್ ಜೋಡಿ" ಅಂದರು. ನೆನಪಾಗಿತ್ತು ಹಾಗಾದರೆ. ಮೇಜಿನ ಹತ್ತಿರ ಅನ್ನಬಹುದಿತ್ತು. ದಾರಿಗೆಂದು ಕಟ್ಟಿದ್ದ ಪುಳಿಯೋಗರೆ ಡಬ್ಬವನ್ನು ಆಕೆಯ ಕೈಗೆ ಕೊಟ್ಟೆ.

ಬಾಗಿಲು ಹಾಕಿದ ಮೇಲೆ ನಮ್ಮವರು ರಿಕ್ಲೈನರಿನಲ್ಲಿ ಕೂತು ಕೇಳಿದರು. "ಯಾಕ್ ಹಾಗಂದೆ ಎಲ್ಲರೆದುರಿಗೆ?"

"ನೀವ್ಯಾಕೆ ಹೇಳಲಿಲ್ಲ ಎಲ್ಲರೆದುರಿಗೆ?"

"ಏನಂತ?"

"ನಾನಿರಲಿಲ್ಲ ಅಂತ."

"ಎಲ್ರಿಗೂ ಗೊತ್ತಿರೋದೇ ಅಲ್ವಾ ಅದು."

"ಸರಿ" ಅಂದೆ.

ಅವರು ಕನ್ನಡಕ ಹಾಕಿಕೊಂಡು ಆ ಫೋಟೋ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಮೊದಲ ಪುಟದಿಂದ ತಿರುವತೊಡಗಿದರು. ನಿಧಾನಕ್ಕೆ, ಬ್ರೇಕಿನ ಡ್ರಾಯಿಂಗು ನೋಡುವ ಹಾಗೆ. ಏನು ಹುಡುಕುತ್ತಿದ್ದರೋ ನಾನು ಕೇಳಲಿಲ್ಲ. ಏನಾದರೂ ಹೇಳುತ್ತಾರೇನೋ ಎಂದು ಒಂದಿಷ್ಟು ಹೊತ್ತು ಕಿಟಕಿಯ ಹತ್ತಿರ ನಿಂತಿದ್ದೆ. ಉಳಿದಿದ್ದ ಹಿಮ ತೆಗೆಯುತ್ತಿದ್ದ ಎದುರು ಮನೆಯವರ ಸ್ನೋಬ್ಲೋವರಿನ ಸದ್ದು ನಿಂತಿತು. ಅವರು ಪುಟ ತಿರುವಿದರು.

ಕಪಾಟಿನಿಂದ ತಟ್ಟೆ ತೆಗೆದುಕೊಂಡು, ಮೇಜಿನ ಹಲಗೆ ತೆಗೆಯದೆ, ಆ ಉದ್ದ ಮೇಜಿನ ತಲೆಗೆ ಕೂತೆ. ಊಟಕ್ಕೆ ಪಾತ್ರೆಯ ತಳದ ಪುಳಿಯೋಗರೆ ಎರಡು ಸೌಟು, ಆರಿದ ಹುಳಿ, ಮೊಸರು. ಕಡಲೆಬೀಜ ಎಲ್ಲ ಮೇಲೇ ಹೋಗಿಬಿಟ್ಟಿದ್ದವು, ತಳದಲ್ಲಿ ಒಂದೂ ಇರಲಿಲ್ಲ. ಪಾತ್ರೆಗಳನ್ನು ಸಿಂಕಿನಲ್ಲೇ ಬಿಟ್ಟು, ಆರೂವರೆಗೆ ದೀಪ ಆರಿಸಿ ಮಲಗಿದೆ. ಆ ದಿನ ಮೊದಲು ಮಲಗಿದ್ದು ನಾನು.